ಹುಚ್ಚೆಳ್ಳಿನ ಘಮ, ಅವ್ವನ ದನಿ

"ಕಣ್ ಬುಡ್ಲಾ ಮಗಾ, ಯಾರ್ ಬಂದವ್ರೆ ನೋಡು!"

ತಲೆಗೆ ಪೆಟ್ಟು ಬಿದ್ದು, ಕೊಳ್ಳೇಗಾಲ ಸೀಮೆಯ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ದಾಟಿ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು, ಎಚ್ಚರ ಮರಳದೆಯೇ ಮನೆಗೆ ಬಂದವರ ಹಾಸಿಗೆಯ ಸುತ್ತ ಇಂಥ ಮಾತು ಕೇಳುತ್ತದೆ. ಒಬ್ಬರು ಕೆನ್ನೆ ತಟ್ಟುತ್ತಾರೆ, ಇನ್ನೊಬ್ಬರು ಪಾದ ಉಜ್ಜುತ್ತಾರೆ, ಮೂಲೆಯ ಮೊಬೈಲಿನಲ್ಲಿ ಮಾದಪ್ಪನ ಹಾಡು. ಎಲ್ಲವೂ ಪ್ರೀತಿಯೇ. ಒಟ್ಟಿಗೇ ಆಗುವುದು ತೊಂದರೆ.

ಇಂದ್ರಿಯ ಪ್ರಚೋದನೆ ಎಂಬ ಆರೈಕೆ ಇದನ್ನೇ ಅಳತೆಯಿಂದ ಮಾಡುತ್ತದೆ. ಒಂದು ಸಲಕ್ಕೆ ಒಂದೇ ಇಂದ್ರಿಯ, ಹತ್ತು ಹದಿನೈದು ನಿಮಿಷ, ಆಮೇಲೆ ವಿಶ್ರಾಂತಿ. ಹೆಸರು ಹಿಡಿದು ಕರೆದವರು ತುಸು ಕಾಯಬೇಕು; ಏಟು ತಿಂದ ಮಿದುಳು ತಡವಾಗಿ ಓಗೊಡುತ್ತದೆ. ಕೋಮಾದಲ್ಲಿ ಕಣ್ಣೇ ತೆರೆಯದು. ಕೆಲವರಿಗೆ ಕಣ್ಣು ತೆರೆದರೂ ಅರಿವಿನ ಗುರುತಿರದು. ಅದನ್ನೂ ದಾಟಿದವರ ನೋಟ ಆಗೀಗ ಕನ್ನಡಿಯನ್ನೋ ಅವ್ವನ ಮುಖವನ್ನೋ ಹಿಂಬಾಲಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂಗಿನ ಕಥೆ. ಇಸ್ರೇಲಿನ ಸಂಶೋಧಕರು ಇಂಥ 43 ರೋಗಿಗಳ ಮೂಗಿಗೆ ಶಾಂಪೂ ಮತ್ತು ಕೊಳೆತ ಮೀನಿನ ವಾಸನೆ ಹಿಡಿದು ಉಸಿರಾಟ ಅಳೆದು, 2020ರಲ್ಲಿ ಪ್ರಕಟಿಸಿದರು. ಅರಿವಿಲ್ಲ ಎನಿಸಿಕೊಂಡವರಲ್ಲಿ ವಾಸನೆಗೆ ಉಸಿರು ಬದಲಿಸಿದ ಎಲ್ಲರಲ್ಲೂ ಮುಂದೆ ಅರಿವಿನ ಚಿಹ್ನೆ ಕಂಡವು. ಅದು ಪರೀಕ್ಷೆ, ಮದ್ದಲ್ಲ. ಆದರೂ ಕೊಳ್ಳೇಗಾಲದ ಸೀಮೆಗೆ ಶಾಂಪೂ ಯಾಕೆ? ಹುರಿದ ಹುಚ್ಚೆಳ್ಳಿದೆ, ನೂಲು ಬಿಚ್ಚಾಣಿಕೆ ಮಾಡಿದವರಿಗೆ ಬೇಯುವ ರೇಷ್ಮೆಗೂಡಿನ ಗಬ್ಬಿದೆ. ಯಾವುದಕ್ಕೆ ಮೂಗರಳುತ್ತಿತ್ತು, ಯಾವುದಕ್ಕೆ ಮುಖ ಸಿಂಡರಿಸುತ್ತಿತ್ತು ಎಂಬುದು ಕೇಸ್ ಶೀಟಿನಲ್ಲಿ ಇರದು, ಮನೆಯವರಿಗೆ ಗೊತ್ತು.

ದನಿಯ ಮೇಲೂ ಪ್ರಯೋಗ ನಡೆದಿದೆ. ಮನೆಯವರೇ ಹಳೆಯ ನೆನಪು ಹೇಳಿದ ಧ್ವನಿಮುದ್ರಣವನ್ನು ಆರು ವಾರ ಕೇಳಿಸಿದ ಅಮೆರಿಕದ 2015ರ ಅಧ್ಯಯನದಲ್ಲಿ ಒಂದಿಷ್ಟು ಫಲ ಕಂಡಿತು. ಇದ್ದವರು ಹದಿನೈದೇ ಮಂದಿ; ಅಷ್ಟರಿಂದ ಭರವಸೆ ಮಾರುವ ಹಾಗಿಲ್ಲ.

ಪ್ರತಿಕ್ರಿಯೆ ಬಂದ ಮಾತ್ರಕ್ಕೆ ಎದ್ದು ಕೂರುತ್ತಾರೆ ಎನ್ನಲೂ ಆಗದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ 2015ರವರೆಗೆ ಅಲ್ಲಿಯೇ ಮಲಗಿದ್ದರು. ಕಡಲ ಸೀಮೆಯ ಹೆಣ್ಣುಮಗಳು. ಮೀನು ಕೊಟ್ಟರೆ ಮುಖ ಗೆಲುವಾಗುತ್ತದೆ ಎನ್ನುತ್ತಿದ್ದರು ಆರೈಕೆ ಮಾಡಿದ ನರ್ಸುಗಳು. ಅವರ ದಯಾಮರಣದ ಅರ್ಜಿ ಬಂದಾಗ ಸುಪ್ರೀಂ ಕೋರ್ಟ್ ನೇಮಿಸಿದ ವೈದ್ಯರು ಪರೀಕ್ಷಿಸಿ, ಶಾಶ್ವತ ಅರಿವಿಲ್ಲದ ಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದು ವರದಿ ಕೊಟ್ಟರು. ನಾಲ್ಕು ದಶಕ ಉಣಿಸಿದವರ ಮಾತನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು.

ನುಂಗುವ ಶಕ್ತಿಯನ್ನು ಡಾಕ್ಟರು ನೋಡುವ ಮೊದಲು ಬಾಯಿಗೆ ಅಂಬಲಿ ಬಿಡುವುದು ಮಾತ್ರ ಬೇಡ, ಅದು ಶ್ವಾಸಕೋಶಕ್ಕೆ ಇಳಿದೀತು. ಅವ್ವ ಕರೆದಾಗ ಹೆಬ್ಬೆರಳು ಅಲುಗಿದ್ದು ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ, ಮುಂದಿನ ಸಲ ಆಸ್ಪತ್ರೆಗೆ ಒಯ್ಯಲು.