ಮುಷ್ಟಿಯ ಬಲ ಅಳೆಯುವ ಯಂತ್ರ ಮತ್ತು ನಮ್ಮ ಮಕ್ಕಳು

ಹತ್ತು ವರ್ಷದ ಹುಡುಗಿ ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತಿದ್ದಾಳೆ. ಮೊಣಕೈ ಪಕ್ಕೆಗೆ ತಾಗಿದೆ, 90 ಡಿಗ್ರಿಗೆ ಮಡಚಿದೆ. ಕೈಯಲ್ಲಿ ಲೋಹದ ಹಿಡಿಕೆಯೊಂದಿದೆ, ಅದರ ನೆತ್ತಿಯ ಮೇಲೆ ಗಡಿಯಾರದಂಥ ದುಂಡು ಮುಖ. ‘ಹಿಚುಕು, ಹಿಚುಕು, ಇನ್ನೂ ಜೋರಾಗಿ’ ಎಂದು ಎದುರಿಗಿದ್ದವರು ಹುರಿದುಂಬಿಸುತ್ತಾರೆ. ಬೆರಳ ಗೆಣ್ಣುಗಳು ಬೆಳ್ಳಗಾಗುತ್ತವೆ, ಅವಳಿಗೆ ಗೊತ್ತಿಲ್ಲದಂತೆ ತುಟಿಯೂ ಬಿಗಿಯುತ್ತದೆ. ಮೂರರಿಂದ ಐದು ಸೆಕೆಂಡಿನ ಕೆಲಸ. ಕೈ ಸಡಿಲಿಸಿದ ಮೇಲೆ ಒಂದು ಮುಳ್ಳು ಸೊನ್ನೆಗೆ ಮರಳುತ್ತದೆ. ಅದರ ಜೊತೆಗಿದ್ದ ಇನ್ನೊಂದು ಮುಳ್ಳು ಮಾತ್ರ ಅವಳು ಮುಟ್ಟಿದ ಗರಿಷ್ಠ ಅಂಕಿಯಲ್ಲೇ ನಿಂತಿರುತ್ತದೆ. ಹೀಗೆ ಮೂರು ಸಲ ಹಿಚುಕಿಸಿ ಅಂಕಿ ಬರೆದುಕೊಂಡರೆ ಪರೀಕ್ಷೆ ಮುಗಿಯಿತು.

ಈ ಉಪಕರಣದ ಹೆಸರು ಹ್ಯಾಂಡ್‌ಗ್ರಿಪ್ ಡೈನಮೋಮೀಟರ್. ಮುಷ್ಟಿಬಲ ಮಾಪಕ ಎನ್ನಬಹುದು. ಮೊಬೈಲು, ಟಿ.ವಿ., ಟ್ಯಾಬ್ಲೆಟ್ಟಿನ ಮುಂದೆ ಕೂರುವ ಮಕ್ಕಳ ಬಗ್ಗೆ ನಾವು ಕಣ್ಣಿನ ಚಿಂತೆ ಮಾಡುತ್ತೇವೆ, ಬೊಜ್ಜಿನ ಚಿಂತೆ ಮಾಡುತ್ತೇವೆ, ಓದಿನ ಚಿಂತೆಯಂತೂ ಇದ್ದೇ ಇದೆ. ಆ ಮಕ್ಕಳ ತೋಳಿನಲ್ಲಿ ಎಷ್ಟು ಬಲವಿದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಹೇಳುವ ಯಂತ್ರ ಇದು.

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಜಾಮರ್ ಮಾದರಿಯ ಒಳಗೆ ಸೀಲು ಮಾಡಿದ ಕೊಳವೆಯಲ್ಲಿ ಎಣ್ಣೆ ಇರುತ್ತದೆ. ಹಿಡಿಕೆ ಹಿಚುಕಿದಾಗ ಎಣ್ಣೆಯ ಮೇಲೆ ಒತ್ತಡ ಬೀಳುತ್ತದೆ. ದ್ರವ ಕುಗ್ಗುವಂಥದ್ದಲ್ಲವಾದ್ದರಿಂದ ಆ ಒತ್ತಡ ಹಾಗೇ ಮೇಲಿನ ಗೇಜಿಗೆ ಸಾಗುತ್ತದೆ. ಅಲ್ಲಿ ಬಾಗಿಸಿಟ್ಟ ತೆಳು ಲೋಹದ ಕೊಳವೆ ಒತ್ತಡಕ್ಕೆ ತುಸು ನೆಟ್ಟಗಾಗಲು ನೋಡುತ್ತದೆ. ಆ ಕೂದಲೆಳೆಯಷ್ಟು ಚಲನೆಯನ್ನು ಹಲ್ಲಿನ ಚಕ್ರಗಳು ಹಿಗ್ಗಿಸಿ ಮುಳ್ಳಿಗೆ ದಾಟಿಸುತ್ತವೆ. ಈಚಿನ ಡಿಜಿಟಲ್ ಮಾದರಿಗಳಲ್ಲಿ ಎಣ್ಣೆಯಿಲ್ಲ. ಲೋಹದ ತುಂಡು ಬಾಗಿದಾಗ ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಅದೇ ಅಂಕಿಯಾಗಿ ಪರದೆಯಲ್ಲಿ ಮೂಡುತ್ತದೆ. ಜಾಮರ್ ಹಿಡಿಕೆಯ ಅಗಲವನ್ನು ಐದು ಬಗೆಯಲ್ಲಿ ಹೊಂದಿಸಬಹುದು. ಮಕ್ಕಳನ್ನು ಅಳೆಯುವಾಗ ಇದು ಬಹಳ ಮುಖ್ಯ. ದೊಡ್ಡವರ ಕೈಯಳತೆಗೆ ಇಟ್ಟ ಹಿಡಿಕೆಯನ್ನು ಪುಟ್ಟ ಕೈಗೆ ಕೊಟ್ಟರೆ ಬೆರಳು ಪೂರ್ತಿ ಸುತ್ತುವರಿಯುವುದಿಲ್ಲ, ಇದ್ದ ಬಲವೂ ಅಂಕಿಯಲ್ಲಿ ಕಾಣುವುದಿಲ್ಲ.

ಹಿಚುಕುವ ಬಲ ಬೆರಳಿನಲ್ಲಿ ಇದೆಯೆಂದು ನಮಗೆ ಅನ್ನಿಸುತ್ತದೆ. ಎಡಗೈಯಿಂದ ಬಲಗೈಯ ಮುಂದೋಳನ್ನು, ಮೊಣಕೈಗಿಂತ ಸ್ವಲ್ಪ ಕೆಳಗೆ, ಹಿಡಿದುಕೊಂಡು ಬಲ ಮುಷ್ಟಿಯನ್ನು ಬಿಗಿದು ನೋಡಿ. ಚರ್ಮದ ಕೆಳಗೆ ಗಂಟುಗಂಟಾಗಿ ಏನೋ ಉಬ್ಬುವುದು ಗೊತ್ತಾಗುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳೆಲ್ಲ ಇರುವುದು ಅಲ್ಲಿ. ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದ ಮೂಲಕ ಹಾದು ಬೆರಳ ತುದಿಯವರೆಗೆ ಹೋಗುತ್ತವೆ. ಬೊಂಬೆಯಾಟದವನು ತೆರೆಯ ಹಿಂದೆ ನಿಂತು ದಾರ ಎಳೆದಂತೆ ಮುಂದೋಳು ಎಳೆಯುತ್ತದೆ, ಬೆರಳು ಮಡಚುತ್ತದೆ. ಜೋರಾಗಿ ಹಿಚುಕಬೇಕಾದರೆ ಮಣಿಕಟ್ಟು ಅಲುಗಬಾರದು. ಅದು ಅಲುಗದಿರಲು ಮೊಣಕೈ, ಭುಜ, ಬೆನ್ನು ಎಲ್ಲವೂ ಬಿಗಿಯಬೇಕು. ಹಾಗಾಗಿ ಮುಷ್ಟಿಯ ಅಂಕಿ ದೇಹದ ಒಟ್ಟು ಸ್ನಾಯುಬಲದ ಬಗ್ಗೆಯೂ ತಕ್ಕಮಟ್ಟಿಗೆ ಹೇಳುತ್ತದೆ.

ಇಂಥ ಮಾಪಕ ಹುಟ್ಟಿದ್ದು 1798ರ ಆಸುಪಾಸಿನ ಪ್ಯಾರಿಸ್‌ನಲ್ಲಿ. ಎಡ್ಮೆ ರೆನ್ಯೆ ಎಂಬ ಕುಶಲಕರ್ಮಿ ಅಂಡಾಕಾರದ ಉಕ್ಕಿನ ಸ್ಪ್ರಿಂಗ್ ಬಳಸಿ ಮಾಡಿದ್ದು. ಅದನ್ನು ಹಡಗಿನಲ್ಲಿ ಆಸ್ಟ್ರೇಲಿಯಾದತ್ತ ಒಯ್ದ ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಫ್ರಾನ್ಸ್ವಾ ಪೆರೋನ್, ಟಾಸ್ಮೇನಿಯಾದ ಮೂಲನಿವಾಸಿಗಳ ಕೈಯಲ್ಲಿ ಹಿಚುಕಿಸಿ, ಅವರು ಯುರೋಪಿಯನ್ನರಿಗಿಂತ ದುರ್ಬಲರು ಎಂದು ಬರೆದುಬಿಟ್ಟ. ಆ ಜನ ಹಿಂದೆಂದೂ ಇಂಥ ಯಂತ್ರ ಕಂಡವರಲ್ಲ, ಅಪರಿಚಿತ ಬಿಳಿಯನ ಮುಂದೆ ಪೂರ್ತಿ ಶಕ್ತಿ ಹಾಕಿ ಹಿಚುಕಬೇಕೆಂಬ ಹಂಗೂ ಅವರಿಗಿರಲಿಲ್ಲ. ಒಂದು ಅಂಕಿಯಿಂದ ಮನುಷ್ಯರ ಯೋಗ್ಯತೆ ತೀರ್ಮಾನಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದು ಕಹಿ ಉದಾಹರಣೆ. ಮಕ್ಕಳ ಅಂಕಿಗಳನ್ನು ಓದುವಾಗಲೂ ಇದು ನೆನಪಿರಬೇಕು.

ಅಂಕಿಯನ್ನು ಸರಿಯಾಗಿ ಓದಿದರೆ ಅದಕ್ಕೆ ತೂಕವಿದೆ. 17 ದೇಶಗಳ ಸುಮಾರು 1.4 ಲಕ್ಷ ವಯಸ್ಕರ ಮುಷ್ಟಿಬಲ ಅಳೆದು, ನಾಲ್ಕು ವರ್ಷ ಅವರ ಜಾಡು ಹಿಡಿದ ‘ಪ್ಯೂರ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಆ ಅಧ್ಯಯನದ ಒಂದು ಕೇಂದ್ರ. ಮುಷ್ಟಿಬಲದಲ್ಲಿ ಪ್ರತಿ 5 ಕಿಲೋ ಇಳಿಕೆಗೆ ಸಾವಿನ ಸಾಧ್ಯತೆ 16% ಹೆಚ್ಚಿತ್ತು. ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಮುಷ್ಟಿಯ ಅಂಕಿ ಈ ವಿಷಯದಲ್ಲಿ ಹೆಚ್ಚು ನಿಖರವಾಗಿತ್ತು. ಇದು ದೊಡ್ಡವರ ಮಾತು, ನಿಜ. ಆದರೆ ದೊಡ್ಡವರ ಸ್ನಾಯುವಿಗೆ ತಳಪಾಯ ಬೀಳುವುದು ಬಾಲ್ಯದಲ್ಲೇ.

ಇನ್ನು ಮಕ್ಕಳ ವಿಷಯ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ಚೆಲ್ಮ್ಸ್‌ಫರ್ಡ್ ಎಂಬ ಊರಿದೆ. ಬಡತನದ ಊರಲ್ಲ. ಅಲ್ಲಿನ ಹತ್ತು ವರ್ಷದ ಸುಮಾರು 300 ಮಕ್ಕಳನ್ನು 1998ರಲ್ಲಿ ಪರೀಕ್ಷಿಸಿದ್ದರು. ಗ್ಯಾವಿನ್ ಸ್ಯಾಂಡರ್‌ಕಾಕ್, ಡೇನಿಯಲ್ ಕೊಹೆನ್ ಮತ್ತು ಜೊತೆಗಾರರು 2008ರಲ್ಲಿ ಅದೇ ಊರಿನ, ಅದೇ ವಯಸ್ಸಿನ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಮಕ್ಕಳಿಗೆ ಅದೇ ಪರೀಕ್ಷೆ ಕೊಟ್ಟರು. ಮುಷ್ಟಿಬಲ ಶೇಕಡಾ ಆರೇಳರಷ್ಟು ಇಳಿದಿತ್ತು. ಮಲಗಿ ಎದ್ದು ಕೂರುವ ಸಿಟಪ್ಪಿನ ಸಂಖ್ಯೆ 27% ಕುಸಿದಿತ್ತು. ತೋಳು ಮಡಚಿ ಅಡ್ಡಕಂಬಿಗೆ ಜೋತುಬಿದ್ದು ನಿಲ್ಲುವ ಅವಧಿ 26% ಕಡಿಮೆಯಾಗಿತ್ತು. 1998ರಲ್ಲಿ ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಕಂಬಿಯಲ್ಲಿ ತಮ್ಮ ಮೈಭಾರ ಹೊರಲು ಆಗುತ್ತಿರಲಿಲ್ಲ. 2008ಕ್ಕೆ ಅದು ಹತ್ತರಲ್ಲಿ ಒಬ್ಬರಾಗಿತ್ತು.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇವ್ಯಾವುವೂ ಅಲ್ಲ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ನಾವೆಲ್ಲ ಬಿಎಂಐ ಎನ್ನುವ ಅಂಕಿ, ಎರಡೂ ತಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು! ತಕ್ಕಡಿಯ ಮೇಲೆ ನಿಲ್ಲಿಸಿದ್ದರೆ ಹತ್ತು ವರ್ಷದಲ್ಲಿ ಏನೂ ಬದಲಾಗಿಲ್ಲ ಎಂದೇ ಯಾರಾದರೂ ಹೇಳುತ್ತಿದ್ದರು. ತೂಕ ಅಷ್ಟೇ ಇದ್ದು ಬಲ ಇಳಿದಿದೆಯೆಂದರೆ, ಆ ತೂಕದೊಳಗೆ ಸ್ನಾಯುವಿನ ಪಾಲು ಕರಗಿ ಕೊಬ್ಬಿನ ಪಾಲು ಏರಿರುವ ಸಾಧ್ಯತೆ ಇದೆ. ಮರ ಹತ್ತುವುದು, ಶಾಲೆಯ ಹಗ್ಗ ಹತ್ತುವುದು, ಜೋತಾಡುವುದು ಮಕ್ಕಳ ದಿನಚರಿಯಿಂದ ಜಾರಿಹೋಗಿರುವುದರತ್ತ ಸಂಶೋಧಕರು ಬೆರಳು ತೋರಿಸಿದರು.

ಎಲ್ಲೆಡೆಯೂ ಇದೇ ಕಥೆ ಎಂದು ಹೇಳಿದರೆ ತಪ್ಪಾಗುತ್ತದೆ. 19 ದೇಶಗಳಲ್ಲಿ 1967ರಿಂದ 2017ರವರೆಗೆ ನಡೆದ ಅಳತೆಗಳನ್ನು, 22 ಲಕ್ಷಕ್ಕೂ ಹೆಚ್ಚು ಮಕ್ಕಳದು, ಒಟ್ಟುಹಾಕಿ ನೋಡಿದಾಗ ಮುಷ್ಟಿಬಲ ಏರಿದ್ದೇ ಕಂಡಿತು. ಈ ಅರ್ಧ ಶತಮಾನದಲ್ಲಿ ಹಲವು ದೇಶಗಳ ಮಕ್ಕಳ ಮೈಕಟ್ಟೇ ದೊಡ್ಡದಾಗಿದೆ. ದೊಡ್ಡ ಮೈಗೆ ದೊಡ್ಡ ಮುಷ್ಟಿ. ಏರಿಕೆಯ ಒಂದು ಪಾಲು ಅದರಿಂದಲೇ ಬಂದಿರಬೇಕು. ಆದರೆ ಮಕ್ಕಳ ದೈಹಿಕ ಸಾಮರ್ಥ್ಯವನ್ನು ದಶಕಗಳಿಂದ ಅಳೆಯುತ್ತ ಬಂದಿರುವ ಜಪಾನಿನಲ್ಲಿ, ಈಗಿನ ರಾಷ್ಟ್ರೀಯ ಸಮೀಕ್ಷೆ 2008ರಲ್ಲಿ ಶುರುವಾದ ಮೇಲೆ, 2022ರಲ್ಲಿ ಹುಡುಗರ ದೈಹಿಕ ಪರೀಕ್ಷೆಗಳ ಒಟ್ಟು ಅಂಕ ಅತಿ ಕೆಳಗೆ ಇಳಿಯಿತು. ಅಲ್ಲಿನ ಕ್ರೀಡಾ ಇಲಾಖೆ ಕೊಟ್ಟ ಕಾರಣಗಳಲ್ಲಿ ಪರದೆಯ ಮುಂದಿನ ಹೊತ್ತು ಹೆಚ್ಚಿದ್ದೂ ಒಂದು, ಕೋವಿಡ್ ಕಾಲದಲ್ಲಿ ವ್ಯಾಯಾಮ ತಗ್ಗಿದ್ದೂ ಒಂದು.

ಹಾಗಾದರೆ ಪರದೆ ಸ್ನಾಯುವನ್ನು ತಿನ್ನುತ್ತದೆಯೆ? ಮೊಬೈಲಿನ ಬೆಳಕು ತೋಳನ್ನು ಸವೆಸುವುದಿಲ್ಲ. ಪರದೆ ಹೊತ್ತನ್ನು ತಿನ್ನುತ್ತದೆ, ಆ ಹೊತ್ತಿನಲ್ಲಿ ಆಗಬೇಕಿದ್ದ ಎಳೆದಾಟ, ಎತ್ತಾಟ, ಜೋತಾಟಗಳು ಹೋಗುತ್ತವೆ. ರಾತ್ರಿ ತಡವಾಗಿ ನೋಡಿದರೆ ನಿದ್ದೆಯನ್ನೂ ತಿನ್ನುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢನಿದ್ದೆಯಲ್ಲೇ. ಇದರ ಜೊತೆಗೆ ಇನ್ನೊಂದು ಎಚ್ಚರಿಕೆ ಬೇಕು. ಹೆಚ್ಚು ಪರದೆ ನೋಡುವ ಮಕ್ಕಳು ದುರ್ಬಲರು ಎಂದು ಸಮೀಕ್ಷೆಯೊಂದು ಹೇಳಿದರೆ, ಯಾವುದು ಮೊದಲು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಆಟದಲ್ಲಿ ಸದಾ ಹಿಂದೆ ಬೀಳುವ ಮಗು ಮೈದಾನ ಬಿಟ್ಟು ಪರದೆಯ ಬಳಿಗೆ ಹೋಗಬಹುದು. ಆಮೇಲೆ ಅಲ್ಲಿ ಕೂತದ್ದರಿಂದ ಇನ್ನಷ್ಟು ಹಿಂದೆ ಬೀಳಬಹುದು. ಎರಡೂ ಒಂದನ್ನೊಂದು ತಳ್ಳುತ್ತವೆ.

ಸ್ಮಾರ್ಟ್‌ಫೋನಿನ ಗಾಜನ್ನು ಹತ್ತಿರದಿಂದ ನೋಡಿದರೆ ಕೈಯ ಮಟ್ಟಿಗೆ ಏನಾಗಿದೆ ಎಂಬುದು ತಿಳಿಯುತ್ತದೆ. ಗಾಜಿನಡಿಯಲ್ಲಿ ಕಣ್ಣಿಗೆ ಕಾಣದ ವಾಹಕಗಳ ಜಾಲ, ಅದರ ಸುತ್ತ ಸಣ್ಣ ವಿದ್ಯುತ್ ಕ್ಷೇತ್ರ. ನಮ್ಮ ಬೆರಳೂ ವಿದ್ಯುತ್ ಹರಿಯಬಲ್ಲ ವಸ್ತುವಾದ್ದರಿಂದ ಅದು ಹತ್ತಿರ ಬಂದೊಡನೆ ಆ ಕ್ಷೇತ್ರ ಕದಡುತ್ತದೆ, ಕದಡಿದ ಜಾಗವನ್ನು ಫೋನು ಗುರುತಿಸುತ್ತದೆ. ಒತ್ತಬೇಕಾಗಿಯೇ ಇಲ್ಲ, ತಾಗಿದರೆ ಸಾಕು. ಇದಕ್ಕೆ ಮುಂಚಿನ ಗುಂಡಿಗಳಾದರೂ ಸ್ವಲ್ಪ ಬಲ ಕೇಳುತ್ತಿದ್ದವು. ಮುಂದೋಳಿನ ಅಷ್ಟು ದೊಡ್ಡ ಸ್ನಾಯುಗಳಿಗೆ ಗಂಟೆಗಟ್ಟಲೆ ಏನೂ ಕೆಲಸ ಕೊಡದೆ ಕೈಯನ್ನು ಬಿಡುವಿಲ್ಲದಂತೆ ಇಡುವ ಇಂಥ ಸಾಧನ ಮನುಷ್ಯನ ಇತಿಹಾಸದಲ್ಲಿ ಹಿಂದೆ ಇದ್ದಂತಿಲ್ಲ.

ಸ್ನಾಯುವಿಗೆ ಕೆಲಸ ಸಿಗಬೇಕೆಂಬ ಮಾತು ನಮ್ಮ ಮಕ್ಕಳಿಗೆ ಇಂಗ್ಲೆಂಡಿನ ಮಕ್ಕಳಿಗಿಂತ ಹೆಚ್ಚು ಅನ್ವಯಿಸುತ್ತದೆ. ಕಾರಣ ಮೈಸೂರಿನಲ್ಲೇ ಸಿಕ್ಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ‘ಪಾರ್ಥೆನಾನ್’ ಅಧ್ಯಯನ ವರ್ಷಗಟ್ಟಲೆ ಹಿಂಬಾಲಿಸಿತು. ಒಂಬತ್ತರ ಪ್ರಾಯದಲ್ಲಿ 500ಕ್ಕೂ ಹೆಚ್ಚು ಮಕ್ಕಳ ಮುಷ್ಟಿಬಲವನ್ನು ಅಳೆದರು. ಹುಟ್ಟುವಾಗ ಹೆಚ್ಚು ತೂಕವಿದ್ದ ಮಕ್ಕಳ ಹಿಡಿತ ಒಂಬತ್ತು ವರ್ಷದ ಮೇಲೂ ಬಿಗಿಯಾಗಿತ್ತು. ತಾಯಿಯ ಗರ್ಭದಲ್ಲಿ ಕಟ್ಟಿದ ಸ್ನಾಯುವಿನ ಲೆಕ್ಕ ಶಾಲೆಯ ವಯಸ್ಸಿನಲ್ಲೂ ಉಳಿದಿತ್ತು ಎಂದಾಯಿತು. ಇದರ ಪಕ್ಕದಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಕಂಡದ್ದನ್ನು ಇಟ್ಟು ನೋಡಬೇಕು. ಪುಣೆಯ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ಅಷ್ಟು ವ್ಯತ್ಯಾಸವಿದ್ದೂ ನಮ್ಮ ಶಿಶುಗಳಲ್ಲಿ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ಕಡಿಮೆಯಿದ್ದದ್ದು ಸ್ನಾಯು. ಸಣಕಲಾಗಿ ಕಾಣುವ ನಮ್ಮ ಮಗುವಿನ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ಮುಂದೆ ನಲವತ್ತರೊಳಗೆ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ದಾರಿ, ಏಕೆಂದರೆ ಊಟದ ನಂತರ ರಕ್ತದ ಸಕ್ಕರೆಯನ್ನು ಬಹುಪಾಲು ಹೀರಿಕೊಳ್ಳುವುದು ಸ್ನಾಯುವೇ. ಹುಟ್ಟುವಾಗಲೇ ಸ್ನಾಯುವಿನ ಬಂಡವಾಳ ಕಡಿಮೆ ಇರುವ ಮಗು, ಅದನ್ನು ಬೆಳೆಸಿಕೊಳ್ಳಬೇಕಾದ ಹತ್ತು ವರ್ಷವನ್ನು ಸೋಫಾದ ಮೇಲೆ ಕಳೆಯುವುದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ.

ಒಳ್ಳೆಯ ಸುದ್ದಿಯೂ ಇದೆ. ಮಕ್ಕಳ ಸ್ನಾಯು ಬಹಳ ಬೇಗ ಕಲಿಯುತ್ತದೆ. ಹರೆಯಕ್ಕೆ ಮುಂಚೆ ತೋಳು ದಪ್ಪವಾಗುವಷ್ಟು ಹಾರ್ಮೋನು ಮೈಯಲ್ಲಿರುವುದಿಲ್ಲ. ಆದರೂ ವಾರಕ್ಕೆರಡು ಮೂರು ಸಲ, ಎಂಟು ಹನ್ನೆರಡು ವಾರ ಸರಿಯಾಗಿ ಬಲದ ಅಭ್ಯಾಸ ಮಾಡಿಸಿದರೆ ಮಕ್ಕಳ ಬಲ ಸುಮಾರು 30% ಏರಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ತೋಳಿನ ಗಾತ್ರ ಬದಲಾಗದೆ ಬಲ ಏರುವುದು ನರಗಳಿಂದ. ಮಿದುಳು ಮೊದಲಿಗಿಂತ ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೇ ಎಬ್ಬಿಸಲು ಕಲಿಯುತ್ತದೆ. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಬಲ್ಲವರ ಕಣ್ಣಳತೆಯಲ್ಲಿ ಮಾಡಿದರೆ ಎಲುಬಿನ ಬೆಳವಣಿಗೆಗೆ ತೊಂದರೆಯಿಲ್ಲ. ಸ್ನಾಯು ಎಳೆದಷ್ಟೂ ಅದು ಅಂಟಿದ ಎಲುಬು ಗಟ್ಟಿಯಾಗುತ್ತದೆ. ಬಾಲ್ಯದಿಂದ ಟೆನಿಸ್ ಆಡಿದವರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುವುದು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 5ರಿಂದ 17ರ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವ ಚಟುವಟಿಕೆ ಇರಬೇಕು ಎಂದಿದೆ. ಈ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಜೊತೆಗಿರುವ ಇನ್ನೊಂದು ಮಾತು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಚಟುವಟಿಕೆ ಬೇಕು ಎಂಬುದು, ಯಾರ ಕಿವಿಗೂ ಬಿದ್ದಂತಿಲ್ಲ. ಸಂಜೆ ಸೈಕಲ್ ಹೊಡೆದ ಮಗು ಹೃದಯಕ್ಕೆ ಒಳ್ಳೆಯದು ಮಾಡಿಕೊಂಡಿದೆ, ಅದರ ತೋಳಿಗೆ ಅಷ್ಟಾಗಿ ಏನೂ ಸಿಕ್ಕಿಲ್ಲ. ಮರಕೋತಿ ಆಡಿ ಕೊಂಬೆಯಿಂದ ಕೊಂಬೆಗೆ ಹಾರಿದವರಿಗೆ, ಹಗ್ಗ ಜಗ್ಗಿದವರಿಗೆ, ಕಬಡ್ಡಿಯಲ್ಲಿ ಕಾಲು ಹಿಡಿದವರಿಗೆ, ಉತ್ತರ ಕರ್ನಾಟಕದ ಊರುಗಳಲ್ಲಿ ಮಲ್ಲಕಂಬಕ್ಕೆ ಮೈ ಸುತ್ತಿದವರಿಗೆ ತೋಳಿನ ಬಲ ಕೇಳದೆಯೇ ಸಿಗುತ್ತಿತ್ತು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಾವೇ ಅದನ್ನು ಹುಡುಕಿ ಕೊಡಬೇಕು.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗಿರಲಿ ಎಂದಿದೆ. ಈ ಮಿತಿ ಒಳ್ಳೆಯದೇ. ಆದರೆ ಫೋನು ಕಿತ್ತುಕೊಂಡು ಮಗುವನ್ನು ಟ್ಯೂಷನ್ನಿನ ಬೆಂಚಿನಲ್ಲಿ ಕೂರಿಸಿದರೆ ತೋಳಿನ ಮಟ್ಟಿಗೆ ವ್ಯತ್ಯಾಸವೇನೂ ಆಗುವುದಿಲ್ಲ. ಉಳಿಸಿದ ಹೊತ್ತು ಮೈಗೆ ಹೋಗಬೇಕು.

ಶಾಲೆಗಳ ಆಡಳಿತ ಮಂಡಳಿಗಳಲ್ಲಿ, ಎಸ್‌ಡಿಎಂಸಿಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇರುವವರಿಗೆ ನನ್ನ ಕೋರಿಕೆ ಇಷ್ಟೇ. ವರ್ಷಕ್ಕೊಮ್ಮೆ ಎತ್ತರ, ತೂಕ ಬರೆದುಕೊಳ್ಳುವ ಆರೋಗ್ಯ ತಪಾಸಣೆಯ ಪಟ್ಟಿಗೆ ಮುಷ್ಟಿಬಲದ ಒಂದು ಕಲಂ ಸೇರಿಸಿ. ಒಂದು ಮಾಪಕ ಇಡೀ ಶಾಲೆಗೆ ಸಾಕು, ಒಂದು ಮಗುವಿಗೆ ಒಂದೆರಡು ನಿಮಿಷ ಹಿಡಿಯುತ್ತದೆ. ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಲು ಅದನ್ನು ಬಳಸಬೇಡಿ, ಒಂದೇ ಮಗುವಿನ ಕಳೆದ ವರ್ಷದ ಅಂಕಿಯ ಜೊತೆ ಈ ವರ್ಷದ್ದನ್ನು ಇಟ್ಟು ನೋಡಿ. ಮತ್ತು ಅಂಗಳದಲ್ಲಿ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಒಂದು ಅಡ್ಡಕಂಬಿ ಹಾಕಿಸಿ, ಕೆಳಗೆ ಮರಳು ಸುರಿಸಿ. ಮಕ್ಕಳಿಗೆ ಜೋತುಬೀಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.