ಮಠ ಊರಿನ ಪರವಾಗಿ ನಿಂತಾಗ

ಹೂವಿನಹಡಗಲಿ ಕಡೆಯಿಂದ ಹೊರಟು ಮದಲಗಟ್ಟಿಯ ಬಳಿ ತುಂಗಭದ್ರೆಯ ಸೇತುವೆ ದಾಟಿದರೆ ಕೊರ್ಲಹಳ್ಳಿ ಸಿಗುತ್ತದೆ. ಅಲ್ಲಿಂದಾಚೆ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು. ಅದೇ ತಾಲ್ಲೂಕಿನ ಹಳ್ಳಿಗುಡಿ ಎಂಬ ಊರಿನ ಹೆಸರು 2011ರಲ್ಲಿ ನಾಡಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಅಲ್ಲಿ ಸುಮಾರು 3,382 ಎಕರೆ ಜಮೀನು ಗುರುತಾಗಿತ್ತು.

ಅದಕ್ಕೂ ಹಿಂದಿನ ವರ್ಷ, 2010ರ ಜೂನ್‌ನಲ್ಲಿ, ಬೆಂಗಳೂರಿನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಒಡಂಬಡಿಕೆಗೆ ಸಹಿ ಬಿದ್ದಿತ್ತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು, ಸುಮಾರು 32 ಸಾವಿರ ಕೋಟಿ ರೂಪಾಯಿ ಬಂಡವಾಳ. ಜಮೀನು ಕೊಡಲು ಒಪ್ಪಿದ ರೈತರೂ ಇದ್ದರು. ಎರೆಹೊಲವನ್ನೇ ನಂಬಿದವರಿಗೆ ಮಾತ್ರ ಯಾವ ಪರಿಹಾರದ ಮೊತ್ತವೂ ಹೊಲಕ್ಕೆ ಸಮನಾಗಿ ಕಾಣಲಿಲ್ಲ. ಹಾಗೆ ಕಂಗಾಲಾದವರ ಜೊತೆ ಬಂದು ನಿಂತವರು ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ.

ಸ್ವಾಮೀಜಿಗೆ ಚಳವಳಿ ಹೊಸದಾಗಿರಲಿಲ್ಲ. 1974ರಲ್ಲಿ ಪೀಠಕ್ಕೆ ಬಂದ ಅವರು ಗೋಕಾಕ ಚಳವಳಿಯಲ್ಲಿ ಮುಂದೆ ನಿಂತು 'ಕನ್ನಡದ ಜಗದ್ಗುರು' ಎನಿಸಿಕೊಂಡಿದ್ದರು. ಪೋಸ್ಕೊ ವಿಚಾರದಲ್ಲಿ ಅವರು ಹೇಳಿಕೆ ಕೊಟ್ಟು ಸುಮ್ಮನಾಗದೆ ರೈತರೊಂದಿಗೆ ಬೀದಿಗಿಳಿದರು. ರೈತ ಸಂಘಟನೆಗಳು, ಸಾಹಿತಿಗಳು, ಎಸ್‌.ಆರ್‌. ಹಿರೇಮಠ ಅವರಂಥ ಹೋರಾಟಗಾರರು ಕೈಜೋಡಿಸಿದರು. ಮೇಧಾ ಪಾಟ್ಕರ್ ಕೂಡ ಬಂದರು. 2011ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್‌. ಯಡಿಯೂರಪ್ಪ ಭೂಸ್ವಾಧೀನ ನಿಲ್ಲಿಸುವುದಾಗಿ ಪ್ರಕಟಿಸಿದರು. ಎರಡು ವರ್ಷದ ನಂತರ, 2013ರ ಜುಲೈನಲ್ಲಿ, ಕರ್ನಾಟಕದ ಯೋಜನೆಯನ್ನೇ ಕೈಬಿಟ್ಟಿರುವುದಾಗಿ ಕಂಪನಿ ತಿಳಿಸಿತು.

ಇಷ್ಟು ದೊಡ್ಡ ಹೂಡಿಕೆಯನ್ನು ಮಠವೊಂದು ತಡೆದದ್ದು ಹೇಗೆ? ನಮ್ಮ ಕಡೆಯ ಊರುಗಳನ್ನು ಬಲ್ಲವರಿಗೆ ಇದು ಒಗಟಲ್ಲ. ಮಠಕ್ಕೆ ದಾಸೋಹವಿದೆ, ಶಾಲೆಯಿದೆ, ಜಾತ್ರೆಯಿದೆ, ಪ್ರತಿ ಹಳ್ಳಿಯಲ್ಲೂ ಭಕ್ತರ ಮನೆಯಿದೆ. ಚುನಾವಣೆಗೆ ನಿಲ್ಲುವ ಯಾವ ಪಕ್ಷದವನೂ ಆ ಹೊಸ್ತಿಲು ತುಳಿಯದೆ ಇರಲಾರ. ಈ ಶಕ್ತಿ ಸ್ವಜಾತಿಗೆ ಮಂತ್ರಿಗಿರಿ ಕೇಳಲು ಖರ್ಚಾಗುವುದನ್ನು ಎಷ್ಟೋ ಸಲ ನೋಡಿದ್ದೇವೆ. ಹಳ್ಳಿಗುಡಿಯಲ್ಲಿ ಅದು ಉಳುವವನ ಹೊಲಕ್ಕಾಗಿ ಖರ್ಚಾಯಿತು. ಆ ಮೇಲೆ ಗದಗ ಜಿಲ್ಲೆಯದ್ದೇ ಆದ ಕಪ್ಪತಗುಡ್ಡಕ್ಕೂ ಒದಗಿತು. 2015ರಲ್ಲಿ ಆ ಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಮೀಸಲು ಸ್ಥಾನಮಾನವನ್ನು ಸರ್ಕಾರ ಮರುವರ್ಷ ಹಿಂಪಡೆದಾಗ, 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸ್ಥಾನಮಾನ ಮರಳಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಅದನ್ನು ಕಾಣಲು ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಇದೇ ಪೋಸ್ಕೊ ಒಡಿಶಾದ ಜಗತ್‌ಸಿಂಗ್‌ಪುರ ಜಿಲ್ಲೆಯಲ್ಲೂ ಕಾರ್ಖಾನೆ ಕಟ್ಟಲು ಹೊರಟಿತ್ತು. ಅಲ್ಲಿ ವೀಳ್ಯದೆಲೆ ಬೆಳೆಯುವ ಢಿಂಕಿಯಾದ ಜನ 2005ರಿಂದ ಎದುರು ನಿಂತಿದ್ದರು. 2012ರಲ್ಲಿ ಭಾರತ, ಕೊರಿಯಾ, ನೆದರ್‌ಲ್ಯಾಂಡ್ಸ್ ಮತ್ತು ನಾರ್ವೆಯ ಸಂಘಟನೆಗಳು ಸೇರಿ ದೂರು ಕೊಟ್ಟವು. ದೂರು ಕಂಪನಿಯ ಮೇಲಷ್ಟೇ ಆಗಿರಲಿಲ್ಲ, ಅದರಲ್ಲಿ ಹಣ ತೊಡಗಿಸಿದ್ದ ವಿದೇಶಿ ಪಿಂಚಣಿ ನಿಧಿಗಳ ಮೇಲೂ ಇತ್ತು. ನಾರ್ವೆ ಸರ್ಕಾರದ ನಿಧಿಯ ಪಾಲು ಶೇ 1ಕ್ಕಿಂತ ಕಡಿಮೆ. ಆದರೂ ಮಾನವ ಹಕ್ಕುಗಳ ವಿಚಾರದಲ್ಲಿ ಆ ನಿಧಿಯ ವ್ಯವಸ್ಥಾಪಕರು ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಪಾಲಿಸಿಲ್ಲ ಎಂದು 2013ರಲ್ಲಿ ಇಂಥ ದೂರು ವಿಚಾರಿಸುವ ನಾರ್ವೆಯದ್ದೇ ಸಂಸ್ಥೆ ತೀರ್ಪಿತ್ತಿತು. ಒಡಿಶಾದ ಎಲೆಬಳ್ಳಿಯ ಕಷ್ಟಕ್ಕೆ ಓಸ್ಲೊದಲ್ಲಿ ಉತ್ತರ ಕೊಡಬೇಕಾಯಿತು. ಒಂದು ದೇಶದ ಹಣ ಹೊರದೇಶದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ವಿದೇಶಾಂಗ ಕಚೇರಿಗಳಲ್ಲಷ್ಟೇ ತೀರ್ಮಾನವಾಗಬೇಕಿಲ್ಲ ಎಂದು ಇಂಥ ದೂರುಗಳು ತೋರಿಸಿಕೊಟ್ಟವು.

ಧರ್ಮದ ಹೆಸರಲ್ಲಿ ಸೇರಿದ ಸಾಮಾನ್ಯರು ದೊಡ್ಡ ರಾಷ್ಟ್ರಗಳ ನೀತಿಯನ್ನೇ ಅಲುಗಾಡಿಸಿದ ಉದಾಹರಣೆಯೂ ಇದೆ. ಐವತ್ತನೆಯ ವರ್ಷ ಬಂಧಿತರಿಗೆ ಬಿಡುಗಡೆ, ಕಳೆದುಕೊಂಡವರಿಗೆ ಭೂಮಿ ವಾಪಸ್ ಎಂಬ ಬೈಬಲ್ಲಿನ ಕಟ್ಟಳೆಯಿಂದ ಹೆಸರು ಪಡೆದ 'ಜ್ಯೂಬಿಲಿ 2000' ಆಂದೋಲನ ಬಡದೇಶಗಳ ಸಾಲಮನ್ನಾ ಕೇಳಿತು. 1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ನಾಯಕರು ಸೇರಿದ್ದಾಗ ಸುಮಾರು 70 ಸಾವಿರ ಜನ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿದರು. ಅವರಲ್ಲಿ ಚರ್ಚುಗಳಿಂದ ಬಂದವರು ಬಹಳ. ಮರುವರ್ಷ ಕಲೋನ್ ಸಭೆಯಲ್ಲಿ ಸಾಲ ಪರಿಹಾರ ಹಿಗ್ಗಿತು.

ಧರ್ಮದ ಈ ಬಲ ಇನ್ನೂ ಒದಗಬೇಕಾದ ಜಾಗ ನಮ್ಮಲ್ಲೇ ಇದೆ, ಈಗ ತುಂಗಭದ್ರೆಯ ಈಚೆ ದಡಕ್ಕೆ ಬರೋಣ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಭರತ ಹುಣ್ಣಿಮೆಯಲ್ಲಿ ಜನಸಾಗರ ಹರಿಯುತ್ತದೆ. 2014ರ ಫೆಬ್ರುವರಿ 13ರಂದು, ಹುಣ್ಣಿಮೆಯ ಹಿಂದಿನ ದಿನ, ಉಚ್ಚಂಗಿ ದೇವಸ್ಥಾನದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡದಂತೆ ತಡೆಯಿರಿ ಎಂದು ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಸೂಚಿಸಬೇಕಾಯಿತು. ದೇವದಾಸಿ ನಿಷೇಧ ಕಾಯ್ದೆ 1982ರಲ್ಲೇ ಬಂದಿತ್ತು. ಮುತ್ತು ಕಟ್ಟಿಸಿದ ಹೆತ್ತವರಿಗೆ ಐದು ವರ್ಷದವರೆಗೆ ಜೈಲು ಎಂದೂ ಅದರಲ್ಲಿತ್ತು. ಆದರೂ ಸರ್ಕಾರದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರು 46,660. ಬಹುಪಾಲು ದಲಿತ ಕೇರಿಗಳ ಹೆಣ್ಣುಮಕ್ಕಳು. ಅವರ ಪಿಂಚಣಿ, ಮನೆ, ಮಕ್ಕಳ ಓದಿಗಾಗಿ ದೇವದಾಸಿ ವಿಮೋಚನಾ ಸಂಘದ ತಾಯಂದಿರು ತಹಶೀಲ್ದಾರ್ ಕಚೇರಿಗಳ ಮುಂದೆ ಕೂತು ಗಂಟಲು ಹರಿದುಕೊಂಡಿದ್ದಾರೆ. ತಂದೆಯ ಹೆಸರು ಬರೆಯಲೇಬೇಕೆಂಬ ಕಟ್ಟುಪಾಡಿನಿಂದ ಮಕ್ಕಳನ್ನು ಬಿಡಿಸುವ ಹೊಸ ಮಸೂದೆಗೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು.

ದೇವರ ಹೆಸರಲ್ಲಿ ನಡೆಯುವ ಅನ್ಯಾಯವನ್ನು ಪೊಲೀಸರ ಲಾಠಿಯೊಂದೇ ತಡೆಯಲಾರದು. 'ಇದು ದೇವರಿಗೆ ಬೇಕಿಲ್ಲ' ಎಂಬ ಮಾತು ಜನ ನಂಬುವ ಬಾಯಿಂದಲೇ ಬರಬೇಕು. ಕೊಟ್ಟೂರು, ಉಜ್ಜಿನಿ, ನಂದಿಪುರ, ಹಡಗಲಿಯ ಗವಿಮಠ, ಹರಪನಹಳ್ಳಿಯ ತೆಗ್ಗಿನಮಠ, ಹೀಗೆ ಈ ಸೀಮೆಯಲ್ಲಿ ಅಂಥ ಮಾತಿಗೆ ತೂಕವಿರುವ ಪೀಠಗಳಿಗೆ ಬರವಿಲ್ಲ. ಮಠಾಧೀಶರು ಮುಂದಿನ ಭರತ ಹುಣ್ಣಿಮೆಗೆ ವಿಮೋಚನಾ ಸಂಘದ ಹೆಣ್ಣುಮಕ್ಕಳ ಜೊತೆಯಲ್ಲೇ ಉಚ್ಚಂಗಿಯ ಗುಡ್ಡ ಹತ್ತಲಿ. ಓದುಗರು ಅಷ್ಟು ದಿನ ಕಾಯಬೇಕಾಗಿಲ್ಲ. ಯಾವ ಊರಲ್ಲೇ ಆಗಲಿ ಬಾಲಕಿಗೆ ಮುತ್ತು ಕಟ್ಟುವ ಸುದ್ದಿ ಕಿವಿಗೆ ಬಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಆ ಕ್ಷಣವೇ ಕರೆ ಮಾಡಿ.