ಕಾರ್ ಇನ್ಶೂರೆನ್ಸ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

"ಪುಟ್ಟಾ, ಕಾರಿನ ಇನ್ಶೂರೆನ್ಸ್ ಮುಗೀತಾ ಇದೆ. ಆನ್‌ಲೈನ್‌ನಲ್ಲಿ ನೋಡಿ ಎಲ್ಲಿ ಕಡಿಮೆ ಇದೆಯೋ ಅಲ್ಲಿ ಮಾಡ್ಸಿಬಿಡು."

ಹಾಸ್ಟೆಲ್‌ನಲ್ಲಿರೋ ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯಿಂದ ಈ ಫೋನ್ ಬಂದಿರುತ್ತೆ. ಇಂಜಿನಿಯರಿಂಗ್ ಓದ್ತಿದ್ದೀವಿ ಅಂದ್ಮೇಲೆ ಮನೆಯ ಐಟಿ ಡಿಪಾರ್ಟ್‌ಮೆಂಟ್ ನಾವೇ ತಾನೇ!

ನಮ್ಮ ರೂಮಿನ ಗೆಳೆಯನೊಬ್ಬನಿಗೂ ಹೀಗೇ ಫೋನ್ ಬಂತು. ಫಾರ್ಮ್ ತುಂಬುವಾಗ "ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?" ಅನ್ನೋ ಪ್ರಶ್ನೆ ಇತ್ತು. ಅವರಪ್ಪ ಬಾಗಿಲು ರಿಪೇರಿಗೆ ಕ್ಲೇಮ್ ಮಾಡಿದ್ದರು. ಇವನು "ಇಲ್ಲ" ಒತ್ತಿ ನೋಡಿದ, ಪ್ರೀಮಿಯಂ 1,500 ರೂಪಾಯಿ ಇಳಿಯಿತು. ಹಾಗೇ ದುಡ್ಡು ಕಟ್ಟಿಬಿಟ್ಟ. ಪಕ್ಕದಲ್ಲಿ ಕೂತಿದ್ದ ನಾವೂ "ಸೂಪರ್" ಅಂದೆವು. ಮಳೆಗಾಲದಲ್ಲಿ ಕಾರು ಜಾರಿ ಮೋರಿಗೆ ಗುದ್ದಿತು. ಕಂಪನಿಯವರು ಹಳೇ ದಾಖಲೆ ತೆಗೆದು ನೋಡಿ ಕ್ಲೇಮ್ ತಿರಸ್ಕರಿಸಿದರು. ಗ್ಯಾರೇಜಿನ ಬಿಲ್ 42,000 ಅವರಪ್ಪನೇ ಕಟ್ಟಿದರು. ಆಮೇಲೆ ನಾವೆಲ್ಲ ಕೂತು ಮೊದಲ ಸಲ ಪಾಲಿಸಿಯನ್ನು ಪೂರ್ತಿ ಓದಿದೆವು. ಅದರಲ್ಲಿ ನಮಗೆ ಅರ್ಥವಾಗಿದ್ದು ಇಷ್ಟು.

ಪ್ರೀಮಿಯಂನಲ್ಲಿ ಎರಡು ಭಾಗ

ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ, ಮೂರು ತಿಂಗಳ ತನಕ ಜೈಲೂ ಆಗಬಹುದು. ಇದರ ದರ ಸರ್ಕಾರವೇ ನಿಗದಿ ಮಾಡುತ್ತೆ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಯಾವ ಕಂಪನಿಗೆ ಹೋದರೂ ಇದರಲ್ಲಿ ಚೌಕಾಸಿ ಇಲ್ಲ.

ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೆ ಆಗುವ ಹಾನಿಗೆ. ಕಂಪನಿಯಿಂದ ಕಂಪನಿಗೆ ರೇಟ್ ಬದಲಾಗೋದು ಇಲ್ಲೇ. ಹೋಲಿಸಿ ನೋಡಬೇಕಾದದ್ದೂ ಇದನ್ನೇ.

ನಿಜವಾದ ಉಳಿತಾಯ: ನೋ ಕ್ಲೇಮ್ ಬೋನಸ್

ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ರಿಯಾಯಿತಿ. ಆಮೇಲೆ ವರ್ಷ ವರ್ಷ 25, 35, 45, ಕೊನೆಗೆ 50%. ಒಂದೇ ಒಂದು ಕ್ಲೇಮ್ ಮಾಡಿದರೂ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರು.

ಒಂದು ಲೆಕ್ಕ ಹಾಕೋಣ. ಓನ್ ಡ್ಯಾಮೇಜ್ ಪ್ರೀಮಿಯಂ 6,000, ಈಗ ಬೋನಸ್ 35% ಅಂತಿಟ್ಟುಕೊಳ್ಳಿ. ಪಾರ್ಕಿಂಗ್‌ನಲ್ಲಿ ಬಂಪರ್ ಒಡೆಯಿತು, ಹೊಸದಕ್ಕೆ 3,000. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ, ಉಳಿದದ್ದು 1,500. ಅದರಲ್ಲಿ ಮೊದಲ 1,000 ಕಡ್ಡಾಯವಾಗಿ ನಮ್ಮದೇ ಪಾಲು. ಕೊನೆಗೆ ಕಂಪನಿ ಕೊಡೋದು 500 ರೂಪಾಯಿ! ಕ್ಲೇಮ್ ಮಾಡದೇ ಇದ್ದಿದ್ದರೆ ಮುಂದಿನ ವರ್ಷ 45%, ಅಂದರೆ 2,700 ಉಳೀತಿತ್ತು. ಆದ್ದರಿಂದ ಸಣ್ಣಪುಟ್ಟ ಖರ್ಚನ್ನು ಕೈಯಿಂದ ಹಾಕಿ, ಬೋನಸ್ ಉಳಿಸಿಕೊಳ್ಳೋದು ಜಾಣತನ.

ಇನ್ನೆರಡು ವಿಷಯ ನೆನಪಿರಲಿ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡಿಸದಿದ್ದರೆ ಬೋನಸ್ ಹೋಗುತ್ತೆ. ಮತ್ತೆ, ಬೋನಸ್ ಸೇರಿರೋದು ಮಾಲೀಕನಿಗೆ, ಕಾರಿಗಲ್ಲ. ಹಳೇ ಕಾರು ಮಾರಿ ಹೊಸದು ತಗೊಂಡರೆ ಅದನ್ನು ಹೊಸ ಕಾರಿಗೆ ತರಬಹುದು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಹಳೇ ಮಾಲೀಕನ ಬೋನಸ್ ಬರಲ್ಲ. ಜೊತೆಗೆ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಡಬಲ್ ಕಟ್ಟಬೇಡಿ

ಮಾಲೀಕನೇ ಓಡಿಸುವಾಗ ಅಪಘಾತವಾದರೆ 15 ಲಕ್ಷ ಕೊಡುವ ವೈಯಕ್ತಿಕ ಅಪಘಾತ ವಿಮೆಯನ್ನೂ ಬಿಲ್ಲಿನಲ್ಲಿ ಸೇರಿಸಿರುತ್ತಾರೆ. ಅಪ್ಪನ ಹೆಸರಲ್ಲಿ ಬೈಕಿಗೋ ಬೇರೆ ಕಡೆಯೋ ಇದು ಆಗಲೇ ಇದ್ದರೆ ಎರಡನೇ ಸಲ ಬೇಕಿಲ್ಲ. ಫಾರ್ಮ್‌ನಲ್ಲಿ ಅದನ್ನು ತಿಳಿಸಿ ತೆಗೆಸಬಹುದು.

ಇಲ್ಲಿ ಮಾತ್ರ ಜುಗ್ಗತನ ಬೇಡ

ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ರಿಪೇರಿ ಆಗದಷ್ಟು ಜಖಂ ಆದರೆ ಸಿಗುವ ಹಣದ ಮಿತಿ. ಇದನ್ನು 4 ಲಕ್ಷದಿಂದ 3.4 ಲಕ್ಷಕ್ಕೆ ಇಳಿಸಿದರೆ ಪ್ರೀಮಿಯಂ ಸ್ವಲ್ಪ ಕಡಿಮೆಯಾಗುತ್ತೆ ನಿಜ. ಆದರೆ ಕಾರು ಹೋದ ದಿನ 60,000 ಖೋತಾ. ಎರಡು ಕಂಪನಿಗಳ ರೇಟ್ ಹೋಲಿಸುವಾಗ ಐಡಿವಿ ಒಂದೇ ಇದೆಯಾ ಅಂತ ಮೊದಲು ನೋಡಿ.

ಇನ್ನೊಂದು, ಎಂಜಿನ್ ಪ್ರೊಟೆಕ್ಟ್. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಕಾರುಗಳು ಮುಳುಗಿದ್ದನ್ನು ನೋಡಿದ್ದೀವಲ್ಲ. ಸಿಲಿಂಡರ್ ಒಳಗೆ ನೀರು ಹೋದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ನೀರನ್ನು ಒತ್ತೋಕೆ ನೋಡುತ್ತೆ. ನೀರು ಗಾಳಿ ಥರ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮೆಕ್ಯಾನಿಕಲ್‌ನವರು ಇದನ್ನು ಚೆನ್ನಾಗಿ ಬಲ್ಲರು. ಈ ಥರದ ಎಂಜಿನ್ ಹಾನಿ ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸೇರಲ್ಲ. ನೀರು ನಿಲ್ಲೋ ಏರಿಯಾದಲ್ಲಿ ಮನೆ ಇದ್ದರೆ ಇದಕ್ಕೆ ದುಡ್ಡು ಕೊಡಿ. ಕಾರು ಮುಳುಗಿದ್ದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಬೈಕ್ ಇರೋರಿಗೆ ಒಂದು ಮಾತು

2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. "ಐದು ವರ್ಷ ಇನ್ಶೂರೆನ್ಸ್ ಇದೆ ಬಿಡು" ಅಂತ ನಿಶ್ಚಿಂತೆಯಿಂದ ಇರೋರು ಕ್ಯಾಂಪಸ್‌ನಲ್ಲಿ ಬೇಕಾದಷ್ಟಿದ್ದಾರೆ. ಓನ್ ಡ್ಯಾಮೇಜ್ ಎಷ್ಟೋ ಸಲ ಒಂದೇ ವರ್ಷಕ್ಕಿರುತ್ತೆ. ಅದು ಮುಗಿದ ಮೇಲೆ ಬೈಕ್ ಕಳುವಾದರೆ ಒಂದು ಪೈಸೆಯೂ ಸಿಗಲ್ಲ. ಇವತ್ತೇ ಪಾಲಿಸಿ ತೆಗೆದು ಎರಡೂ ದಿನಾಂಕ ನೋಡಿಕೊಳ್ಳಿ.

ನಮ್ಮ ಗೆಳೆಯನಿಗೆ ಅವರಪ್ಪ ಬೈಯಲಿಲ್ಲ. "ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಅಂದರಷ್ಟೇ. ಮುಂದಿನ ಸಲ ಮನೆಯಿಂದ ಫೋನ್ ಬಂದಾಗ ನಾವು ಮೊದಲು ಕೇಳಬೇಕಾದದ್ದೂ ಅದನ್ನೇ: "ಅಪ್ಪಾ, ಈ ವರ್ಷ ಏನಾದ್ರೂ ಕ್ಲೇಮ್ ಮಾಡಿದ್ರಾ?"